ಕುಣಿಯದ ಫೋರ್‌ಮನ್ ಅಂಕಲ್

ಫೋರ್‌ಮನ್ ಅಂಕಲ್ ಮುಖ ಬಿಸಿಲಿಗೆ ಸುಟ್ಟು ಹಂಚಿನ ಬಣ್ಣಕ್ಕೆ ತಿರುಗಿತ್ತು. ಕಿವಿಯಿಂದ ಇಳಿದು ಗದ್ದದ ಕೆಳಗೆ ಹಾದು ಇನ್ನೊಂದು ಕಿವಿಗೆ ಸೇರುವ ಒಂದು ಗೆರೆ ಮಾತ್ರ ಬೆಳ್ಳಗೆ ಉಳಿದಿತ್ತು. ಅದು ಹೆಲ್ಮೆಟ್ ಪಟ್ಟಿಯ ಗುರುತು. ಕುವೈತಿನ ಶುಐಬಾ ಬಂದರಿನಲ್ಲಿ ಇಪ್ಪತ್ತೆರಡು ವರ್ಷ ಕ್ರೇನಿನ ಮುಂದೆ ನಿಂತು, ಭಾರವನ್ನು ಎತ್ತ ಸರಿಸಬೇಕೆಂದು ಆಪರೇಟರನಿಗೆ ಕೈಸನ್ನೆ ಮಾಡಿದವರು ಅವರು. ಊರು ಬಾಗಲಕೋಟೆ ಕಡೆ.

ಅವರು ನಮ್ಮ ಕುಣಿತದ ಗುಂಪಿನವರಲ್ಲ. ಶುಕ್ರವಾರ ಬೆಳಿಗ್ಗೆ ಹೆಂಡತಿಯನ್ನು, ಅಂದರೆ ನಮ್ಮ ಆಂಟಿಯನ್ನು, ಅಬು ಹಲೀಫಾದ ನಮ್ಮ ಬಿಲ್ಡಿಂಗಿನ ಕೆಳಗಿನ ಹಾಲಿಗೆ ಬಿಡಲು ಬರುತ್ತಿದ್ದರು. ಮುಗಿಯುವ ತನಕ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಶೇಂಗಾ ತಿನ್ನುತ್ತಿದ್ದರು. ಸಿಪ್ಪೆ ಎಲ್ಲ ಕರವಸ್ತ್ರದೊಳಗೆ. ಒಂದೂ ನೆಲಕ್ಕೆ ಬೀಳುತ್ತಿರಲಿಲ್ಲ. ಕುಣಿಯಲು ಕರೆದರೆ, ಒಬ್ಬರಾದರೂ ಹೊರಗೆ ನಿಂತು ನೋಡಬೇಕು ಅನ್ನುತ್ತಿದ್ದರು.

ಗುಂಪು ಕಟ್ಟಿದವಳು ನಾನು. ಉಡುಪಿ ಕಡೆಯವಳು, ಇಲ್ಲಿ ಲ್ಯಾಬಿನಲ್ಲಿ ಕೆಲಸ. ವೀಡಿಯೊ ನೋಡಿ ನೋಡಿ ಕಾಂಟ್ರಾ ಡಾನ್ಸ್ ಕಲಿತೆ. ಅಮೆರಿಕದವರ ಕುಣಿತ ಅದು. ಎರಡು ಸಾಲಾಗಿ ಎದುರುಬದುರು ನಿಲ್ಲಬೇಕು. ಒಬ್ಬರು ಮೈಕಿನಲ್ಲಿ ಮುಂದಿನ ಹೆಜ್ಜೆ ಹೇಳುತ್ತಾರೆ. ನಾಲ್ಕು ನಾಲ್ಕು ಜನ ಸೇರಿ ಅದನ್ನು ಆಡಿ, ಸಾಲಿನಲ್ಲಿ ಒಂದು ಜಾಗ ಮುಂದೆ ಹೋಗಿ, ಹೊಸಬರ ಜೊತೆ ಮತ್ತೆ ಅದನ್ನೇ ಆಡುತ್ತಾರೆ. ಸಾಲಿನ ತುದಿ ಮುಟ್ಟಿದವರು ಹೊರಳಿ ಹಾಗೆಯೇ ಮರಳಿ ಬರುತ್ತಾರೆ. ಹೆಜ್ಜೆಗಳು ಸುಲಭ. ಒಂದರಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹರಿಯಬೇಕು, ಕಷ್ಟವೆಲ್ಲ ಅಲ್ಲೇ.

ಕನ್ನಡದವರ ವಾರ್ಷಿಕ ಕೂಟದಲ್ಲಿ ನಾನೇ ಕಟ್ಟಿದ ಕುಣಿತ ಆಡಿಸಬೇಕೆಂದು ನನಗೆ ಹುಚ್ಚು ಹಿಡಿದಿತ್ತು. ಗುಂಪು ಕಟ್ಟಿ ಐದು ತಿಂಗಳಾಗಿತ್ತು, ಕೂಟಕ್ಕೆ ಇದ್ದದ್ದು ಒಂದು ತಿಂಗಳು. ಮಜ್ಜಿಗೆ ಬಾಟಲಿಯ ಮುಚ್ಚಳಗಳನ್ನು ಊಟದ ಮೇಜಿನ ಮೇಲೆ ಸರಿಸಿ ಸರಿಸಿ ಅದನ್ನು ಕಟ್ಟಿದ್ದೆ. ಮೊದಲು ನಾಲ್ವರು ಕೈಕೈ ಹಿಡಿದು ಎಡಕ್ಕೆ ಓಡುವ ವೃತ್ತ. ಅದು ಮುಗಿದ ಕೂಡಲೇ ನಾಲ್ವರೂ ಎಡಗೈಯನ್ನು ನಡುವಿಗೆ ಚಾಚಿ ಚಕ್ರದ ಹಾಗೆ ತಿರುಗಬೇಕು. ಮೇಜಿನ ಮೇಲೆ ಬಹಳ ಚೆಂದವಿತ್ತು. ಹಾಲಿನಲ್ಲಿ ಪ್ರತಿ ಸಲ ಅಲ್ಲೇ ಡಿಕ್ಕಿ.

ಎರಡನೆಯ ಶುಕ್ರವಾರ ಆಂಟಿ ಬಿದ್ದೇಬಿಟ್ಟರು. ಮೊಣಕೈ ತರಚಿತು. ಇದೆಲ್ಲ ಸಾಕು, ಕೂಟಕ್ಕೆ ಎಂದಿನ ಹಾಗೆ ಸಿನಿಮಾ ಹಾಡಿಗೇ ಕುಣಿಯೋಣ ಎಂದು ಇಬ್ಬರು ಮೂವರು ಶುರುಮಾಡಿದರು. ನನಗೆ ಸಿಟ್ಟು ಬಂತು. ಬಿದ್ದವರ ಮೇಲೆಯೇ ಹರಿಹಾಯ್ದೆ.

"ಎಷ್ಟು ಸಲ ಹೇಳುದು ಆಂಟಿ ನಿಮಗೆ? ಎಡಗೈ ಅಂದ್ರೆ ಎಡಗೈ."

ಅಂಕಲ್ ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡು ಎದ್ದು ಬಂದರು.

"ತಂಗಿ, ಲೋಡ್ ಎಂದೂ ತಪ್ಪು ಮಾಡಂಗಿಲ್ಲ. ಕೈ ತೋರ್ಸಿದಾಂವ ತಪ್ಪು ಮಾಡಿರ್ತಾನ."

"ಮಂದಿ ಮುಂದ ನನಗ ಲೋಡ್ ಅಂತೀರೇನ್ರಿ?" ಆಂಟಿ ನೆಲದ ಮೇಲೆ ಕೂತೇ ಕೇಳಿದರು.

"ಈಗ ಎತ್ತಾಂವ ನಾನಽ ಅಲ್ಲ? ನನಗ ಗೊತ್ತು ತೂಕ," ಅಂದರು ಅಂಕಲ್, ಅವರ ಕೈ ಹಿಡಿದು ಎಬ್ಬಿಸುತ್ತ. ಕುಣಿತ ಸಾಕು ಅಂದವರೂ ನಕ್ಕರು.

ನಾನು ನಗಲಿಲ್ಲ. ಹಾಗಾದರೆ ಎಂತ ಮಾಡುದು ನೀವೇ ಹೇಳಿ ಅಂದೆ.

"ಎಡಕ್ಕ ಓಡಾಕತ್ತವರನ್ನ ಗಕ್ಕನ ತಡದು ಹಿಂದಕ್ಕ ಕಳಸ್ತಿ ನೀ. ತೂಗ್ಯಾಡೋ ಭಾರಾನ ಹಂಗ ಜಗ್ಗಿ ನಿಲ್ಲಸಾಕ ಹೋದ್ರ ಮನಷ್ಯಾ ಉಳಿಯಂಗಿಲ್ಲ. ಅದು ಹೊಂಟ ಕಡೆ ಜರಾ ಹೋಗಾಕ ಬಿಡು. ಆಮ್ಯಾಲ ಹೊಳ್ಳಸು."

ಆಗ ಹೊಳೆಯಿತು. ಮುಚ್ಚಳಕ್ಕೆ ತೂಕವಿಲ್ಲ, ಮೇಜಿನ ಮೇಲೆ ಎತ್ತ ತಳ್ಳಿದರೂ ಅತ್ತ ಹೋಗುತ್ತದೆ. ಓಡುವ ಮನುಷ್ಯನಿಗೆ ಅದು ಆಗುವುದಿಲ್ಲ. ಹೆಜ್ಜೆ ಬರೆದಿಟ್ಟ ಹಾಳೆಯಲ್ಲಿ ಎಡಗೈ ಹೊಡೆದುಹಾಕಿ ಬಲಗೈ ಬರೆದೆ. ಬಲಗೈ ಚಾಚಿದರೆ, ವೃತ್ತ ಓಡುತ್ತಿದ್ದ ದಿಕ್ಕಿಗೇ ಚಕ್ರವೂ ತಿರುಗುತ್ತದೆ. ಅಂಟುಪಟ್ಟಿ ಹಚ್ಚಿದ ಮೊಣಕೈಯಲ್ಲೇ ಆಂಟಿ ಮತ್ತೆ ನಿಂತರು, ಒಂದೇ ಸಲಕ್ಕೆ ದಾಟಿಹೋದರು.

ಅಂದಿನಿಂದ ಅಂಕಲ್ ಕುರ್ಚಿ ಬಾಗಿಲಿನಿಂದ ನನ್ನ ಮೈಕಿನ ಪಕ್ಕಕ್ಕೆ ಬಂತು. ನಾನು ಹೆಜ್ಜೆ ಹೇಳುವುದು ತಡವಾದರೆ ಕುರ್ಚಿಯ ಕೈಗೆ ಬೆರಳಿನಿಂದ ಕುಟ್ಟುತ್ತಿದ್ದರು. ಜನ ಕಾಲೆತ್ತುವುದರೊಳಗೆ ನನ್ನ ಮಾತು ಮುಗಿದಿರಬೇಕು, ಇದು ಅವರ ಲೆಕ್ಕ. ಹೊಗಳಿದ್ದು ಒಮ್ಮೆಯೂ ಇಲ್ಲ.

ಕೂಟದ ದಿನ ಅವರಿಗೆ ಡ್ಯೂಟಿ ಬಿತ್ತು. ಕುಣಿತ ಚೆನ್ನಾಗಿಯೇ ಆಯಿತು. ಇನ್ನೊಮ್ಮೆ ಆಡಿಸಿ ಎಂದು ಜನ ಕೇಳಿದರು. ಉಬ್ಬಿಹೋಗಿ ಅಂಕಲ್‌ಗೆ ವೀಡಿಯೊ ಕಳಿಸಿದೆ. ಸಂಜೆ ವಾಯ್ಸ್ ಮೆಸೇಜ್ ಬಂತು. ಹಿಂದೆ ಮಷಿನಿನ ಸದ್ದು.

"ಆ ಹಸರು ಚೂಡಿದಾರದಾಕಿ ಒಂದ ದಿಕ್ಕಿಗೆ ಸರಳ ಹೊಕ್ಕಾಳ. ಹೊಳ್ಳಿ ಬರೂಮುಂದ ಮಾತ್ರ ನಿಂತು ನಿಂತು ಬರ್ತಾಳ. ಯಾಕಂತ ಕೇಳು."

ಅಷ್ಟೇ. ಒಂದು ತಿಂಗಳು ಒದ್ದಾಡಿದವಳಿಗೆ ಇಷ್ಟೇಯಾ ಅನ್ನಿಸಿತು. ನಾನು ಉತ್ತರ ಕೊಡಲಿಲ್ಲ, ಆಕೆಯನ್ನು ಕೇಳಲೂ ಇಲ್ಲ. ಮುಂದಿನ ವಾರ ಅಂಕಲ್, ಆಂಟಿ ರಜೆಗೆ ಊರಿಗೆ ಹೋದರು. ಹೋಗುವಾಗ ಫೋನ್ ಮಾಡಿದ್ದರು. ಕೆಲಸದಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಅಂದೆ. ಮಾಡಲಿಲ್ಲ.

ಹನ್ನೊಂದನೆಯ ದಿನ ಆಂಟಿ ಫೋನ್ ಬಂತು. ಅಂಕಲ್ ಬೆಳಿಗ್ಗೆ ಚಹಾ ಕುಡಿದು ಕೂತಲ್ಲೇ ಹೋಗಿಬಿಟ್ಟರಂತೆ. ಆಂಟಿ ಇನ್ನು ಕುವೈತಿಗೆ ಬರುವುದಿಲ್ಲವೆಂದರು. ಹ್ಞೂಂ ಹ್ಞೂಂ ಅನ್ನುತ್ತಾ ಕೇಳಿಸಿಕೊಂಡೆ.

ಆ ಶುಕ್ರವಾರ ವೀಡಿಯೊದ ಹಸಿರು ಚೂಡಿದಾರದವರನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರು ನರ್ಸ್, ಮಂಗಳೂರಿನವರು.

"ನನ್ನ ಎಡಗಿವಿ ಕೇಳುದಿಲ್ಲ ಮಾರಾಯ್ತಿ, ಸಣ್ಣದಿರುವಾಗಿಂದ್ಲೇ. ಹೇಳಿದ್ರೆ ನೀನು ಗುಂಪಿಂದ ಬಿಡಿಸ್ತೀಯೋ ಅಂತ ಹೇಳ್ಲಿಲ್ಲ."

ನಮ್ಮ ಸ್ಪೀಕರ್ ಇದ್ದದ್ದು ಸಾಲಿನ ಒಂದು ಪಕ್ಕದ ಗೋಡೆಗೆ ಮಾತ್ರ, ಕೂಟದಲ್ಲೂ ಹಾಗೆಯೇ. ಸಾಲಿನಲ್ಲಿ ಮರಳಿ ಬರುವಾಗ ಅವರ ಎಡಗಿವಿ ಅತ್ತ ಆಗುತ್ತಿತ್ತು. ಅದಕ್ಕೆ ಪಕ್ಕದವರ ಕಾಲು ನೋಡಿಕೊಂಡು ಹೆಜ್ಜೆ ಹಾಕುತ್ತಿದ್ದರು. ಆರು ತಿಂಗಳು ಕಲಿಸಿದ ನನಗೆ ಕಾಣದ್ದು ಅಂಕಲ್‌ಗೆ ಫೋನಿನ ವೀಡಿಯೊದಲ್ಲಿ ಕಂಡಿತ್ತು.

ಮನೆಗೆ ಹೋಗಿ ನನ್ನ ಸ್ಪೀಕರನ್ನೂ ತಂದು ಎದುರು ಗೋಡೆಗೆ ಇಟ್ಟೆ, ಅದೇ ಕುಣಿತವನ್ನು ಮೊದಲಿನಿಂದ ಆಡಿಸಿದೆ. ಆಕೆ ಸಾಲಿನ ಆ ತುದಿಗೆ ಹೋದರು, ಹೊರಳಿ ಈ ತುದಿಗೆ ಬಂದರು. ಎಲ್ಲೂ ನಿಲ್ಲಲಿಲ್ಲ.