ಗುಡ್ಡದ ಹಿಂದೆ ಹೋದ ನಿಲ್ದಾಣ

ನನ್ನ ಮೊಮ್ಮಗಳು ಎಂಟನೇ ತರಗತಿ. ಅವಳಪ್ಪನ ಮೊಬೈಲಿನಲ್ಲಿ ಒಂದು ಆಪ್ ಇದೆ. ಮನುಷ್ಯರನ್ನು ಕೂರಿಸಿಕೊಂಡು ಭೂಮಿ ಸುತ್ತುವ ಬಾಹ್ಯಾಕಾಶ ನಿಲ್ದಾಣ ನಮ್ಮ ಸುರಪುರಕ್ಕೆ ಯಾವ ದಿನ, ಎಷ್ಟು ಗಂಟೆಗೆ, ಯಾವ ದಿಕ್ಕಿಗೆ ಕಾಣುತ್ತದೆ ಎಂದು ಅದು ಮೊದಲೇ ಹೇಳಿಬಿಡುತ್ತದೆ. ಇದನ್ನು ಕೇಳಿದ ದಿನ ರೊಟ್ಟಿ ಬಡಿಯುವುದು ಬಿಟ್ಟು ಎದ್ದೇ ನಿಂತೆ. ಎರಡನೇ ತರಗತಿಗೆ ಶಾಲೆ ಬಿಟ್ಟವಳು ನಾನು; ನನ್ನ ಮೊಮ್ಮಗಳು ಆಕಾಶದ ವೇಳಾಪಟ್ಟಿ ಓದುತ್ತಾಳೆ! ಓಣಿಯಲ್ಲಿ ಯಾರಿಗೆ ಹೇಳಲಿ, ಯಾರಿಗೆ ಬಿಡಲಿ?

ಅವಳೂ ಸುಮ್ಮನಿರಲಿಲ್ಲ. ತರಗತಿಯ ಹುಡುಗಿಯರಿಗೆ, ಟೀಚರಿಗೆ "ನಾ ತೋರಸ್ತೀನಿ" ಎಂದು ಮಾತು ಕೊಟ್ಟು ಬಂದಳು. ದೀಪ ಹಚ್ಚುವ ಹೊತ್ತಿಗೆ, ವಾಯವ್ಯದಲ್ಲಿ, ಇಪ್ಪತ್ತು ಡಿಗ್ರಿ ಎತ್ತರಕ್ಕೆ ಬರುತ್ತದಂತೆ. ಕೈ ನೀಡಿ ಹಿಡಿದ ಒಂದು ಮುಷ್ಟಿ ಹತ್ತು ಡಿಗ್ರಿ ಎಂದೂ ಅದರಲ್ಲೇ ಬರೆದಿತ್ತು.

"ಅಷ್ಟೇನು? ಇದು ನನಗ ಬರ್ತದ," ಎಂದೆ. ಕೂಲಿಗೆ ಹೋಗುವಾಗ ನಾವು ಹೊತ್ತು ಅಳೆದದ್ದೇ ಹಾಗೆ. ಗುಡ್ಡದ ತಲೆಯಿಂದ ಸೂರ್ಯ ಎಷ್ಟು ಮುಷ್ಟಿ ಮೇಲಿದ್ದಾನೆ ನೋಡುವುದು, ಇನ್ನೆಷ್ಟು ಸಾಲು ಕಳೆ ಕೀಳಬೇಕೆಂದು ತಿಳಿಯುವುದು.

ಶಾಲೆ ಗುಡ್ಡದ ಬುಡದಲ್ಲೇ ಇದೆ. ಸಂಜೆ ಎಲ್ಲರೂ ಮೈದಾನದಲ್ಲಿ ಸೇರಿದರು. ಗುಡ್ಡದ ತಲೆಯಿಂದ ಎರಡು ಮುಷ್ಟಿ ಅಳೆದು, "ಇಲ್ಲೇ ನೋಡ್ರಿ," ಎಂದು ಬೆರಳು ತೋರಿಸಿದೆ. ಹೊತ್ತು ಬಂತು, ಹೋಯಿತು. ಏನೂ ಕಾಣಲಿಲ್ಲ.

"ಏನವಾ, ನಮ್ಮೂರ ಬಸ್ಸಿನಂಗ ಇದಕ್ಕೂ ತಡ ಆತೇನು?" ಎಂದಳು ಮುಂದಿನ ಬೆಂಚಿನ ಹುಡುಗಿಯೊಬ್ಬಳು. ಎಲ್ಲರೂ ನಕ್ಕರು. ಮನೆಗೆ ಬಂದವಳೇ ಮೊಮ್ಮಗಳು ಮೊಬೈಲು ಹಿಡಿದಳು. "ಆಯಿ, ಈ ಆಪ್ ಅಳಸಿ ಬಿಡ್ತೀನಿ. ಸಾಲ್ಯಾಗ ಎಲ್ಲಾರೂ ನನಗ ಸುಳ್ಳಿ ಅನ್ನಾಕತ್ತಾರ."

"ಅಳಸಿದಿ ಅಂದ್ರ ನೋಡು! ತಪ್ಪು ಎಲ್ಲಿ ಅದ ಅಂತ ಮೊದಲ ಹುಡುಕೂಣು."

ಮರುದಿನ ಅವಳ ಕೈ ಹಿಡಿದು ಅದೇ ಮೈದಾನಕ್ಕೆ ಎಳೆದುಕೊಂಡು ಹೋದೆ. ಮೊಬೈಲನ್ನು ಆಕಾಶಕ್ಕೆ ಹಿಡಿದರೆ ಆಪ್ ನಿಲ್ದಾಣದ ದಾರಿಯನ್ನು ಗೆರೆ ಎಳೆದು ತೋರಿಸುತ್ತದೆ. ನಿನ್ನೆಯ ಹೊತ್ತು ಹಾಕಿಸಿದೆ. ಗೆರೆ ಬಂಡೆಗಲ್ಲುಗಳ ಮೇಲೆಯೇ ಹಾದುಹೋಯಿತು, ಗುಡ್ಡದ ತಲೆಗಿಂತ ಕೆಳಗೆ.

"ಆಯೀ, ಅದು ಬಂದಿತ್ತು! ಗುಡ್ಡದ ಹಿಂದ ಹೋಗ್ಯಾದ! ಮುಟಿಗಿ ಬಯಲು ನೆಲದಿಂದ ಎಣಸಬೇಕಿತ್ತು, ನೀ ಗುಡ್ಡದ ತಲಿಯಿಂದ ಎಣಸಿದಿ."

ಕೂಲಿಯವರಿಗೆ ಸೂರ್ಯ ಮುಳುಗುವುದು ಗುಡ್ಡದ ತಲೆಯಲ್ಲಿ. ಬಯಲ ಅಂಚಿನ ಮುಳುಗು ನಮಗೆ ಯಾಕೆ ಬೇಕಿತ್ತು? ಕೂಸಿನ ಮಾತು ಕೆಡಿಸಿದ್ದು ನನ್ನ ಮುಷ್ಟಿಯೇ.

ಬೆಳಿಗ್ಗೆ ನೇರ ಟೀಚರ ಮುಂದೆ ಹೋಗಿ ನಿಂತೆ. "ತಪ್ಪು ನಂದ್ರಿ, ಕೂಸಿಂದಲ್ಲ. ನಾಕು ದಿನಕ್ಕ ಮತ್ತ ಬರ್ತದ. ದೇವಾಪುರದ ಕಡಿ ಕಾಲುವಿ ಏರಿ ಮ್ಯಾಲ ಹುಡುಗ್ಯಾರನ್ನ ಕರಕೊಂಡು ಬರ್ರಿ."

"ಅವತ್ತು ಮೋಡ ಬಂದ್ರ ಏನ್ ಮಾಡ್ತೀರಬೇ?"

"ಅದರ ಮುಂದಿನ ಸರ್ತಿ ಕರೀತೀನ್ರಿ. ಅವತ್ತೂ ಮೋಡ ಬಂದ್ರ, ಅದರ ಮುಂದಿನ ಸರ್ತಿ."

ಟೀಚರು ನಕ್ಕು ಒಪ್ಪಿದರು. ಆ ದಿನ ಮಾತ್ರ ಆಕಾಶ ತೊಳೆದಿಟ್ಟಂತಿತ್ತು. ಕಾಲುವೆಯ ಏರಿಯಿಂದ ನೋಡಿದರೆ ಗುಡ್ಡ ಎರಡು ಬೆರಳಿನಷ್ಟೂ ಇರಲಿಲ್ಲ. ಈ ಸಲ ನಾನು ಕೈ ಕಟ್ಟಿ ನಿಂತೆ, ಮೊಮ್ಮಗಳೇ ಅಳೆದಳು. ಅವಳ ಕೈ ಇಳಿಯುವ ಮೊದಲೇ ಒಂದು ಬೆಳಕು ಎದ್ದಿತು. ಮಿಣುಕಲಿಲ್ಲ, ಸದ್ದು ಮಾಡಲಿಲ್ಲ. ಯಾರೋ ದೀಪ ಹಿಡಿದು ನಡೆದ ಹಾಗೆ ಬಡಗಣಕ್ಕೆ ಸಾಗಿತು.

"ಬಂತು! ನನ್ನ ಕೂಸು ಹೇಳಿದಲ್ಲೇ ಬಂತು!" ನಾನು ಕುಣಿದ ರಭಸಕ್ಕೆ ಕಾಲುವೆಗೆ ಬೀಳುವವಳಿದ್ದೆ, ಟೀಚರು ಸೆರಗು ಹಿಡಿದೆಳೆದರು.

ಬಸ್ಸಿನ ಮಾತಾಡಿದ ಹುಡುಗಿ ಮೆಲ್ಲಗೆ ಮೊಮ್ಮಗಳ ಪಕ್ಕಕ್ಕೆ ಬಂದಳು. "ಮತ್ತ ಯಾವಾಗ ಬರ್ತದ ಇದು?"

"ತಡಿ, ನೋಡಿ ಹೇಳ್ತೀನಿ," ಎಂದು ನನ್ನವಳು ಮೊಬೈಲು ತೆರೆದಳು. ಹುಡುಗಿಯರೆಲ್ಲ ಅವಳ ಸುತ್ತ ಮುತ್ತಿಕೊಂಡರು. ನನಗೆ ಅವಳ ಜಡೆಯಷ್ಟೇ ಕಾಣುತ್ತಿತ್ತು.