ನೀರು ಕರೆಯದ ದಿನ

ಇವತ್ತು ಬೆಳಿಗ್ಗೆಯಿಂದ ಮಾಡಿದ್ದಿಷ್ಟು: ಅಂಗಳ ಗುಡಿಸಿದೆ. ದೋಸೆಗೆ ಚಟ್ನಿ ಅರೆದೆ. ಇವರ ಬಿಪಿ ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬಿಸಿದೆ. ಮಿಷನ್ನಿಗೆ ಎಣ್ಣೆ ಬಿಟ್ಟು ಮೂರು ರವಿಕೆಗೆ ಹುಕ್ಕು ಹಚ್ಚಿದೆ. ಮಳಿ, ಅಂದರೆ ನಮ್ಮ ಹೊಳೆಯ ಕೆಸರಲ್ಲಿ ಸಿಗುವ ಚಿಪ್ಪು, ಹೆಕ್ಕಿ ತಂದು ಒಳಗಿನ ಹೊಯಿಗೆ-ಮರಳು ಬಿಡಲೆಂದು ನೀರಲ್ಲಿ ಹಾಕಿಟ್ಟೆ. ಕೊನೆಗೆ ಶೈಲಳ ಈಜುಡುಗೆಯ ಎರಡೂ ಬದಿಯ ಹೊಲಿಗೆ ಬಿಚ್ಚಿ ಅರ್ಧರ್ಧ ಇಂಚು ಸಡಿಲ ಮಾಡಿದೆ.

ಆ ಕೊನೆಯ ಕೆಲಸ ನನಗೆ ಎಷ್ಟು ಖುಷಿ ಕೊಟ್ಟಿತೆಂದು ನಿಮ್ಮ ಹತ್ತಿರ ಮುಚ್ಚಿಟ್ಟು ಪ್ರಯೋಜನವಿಲ್ಲ. ಮೊನ್ನೆ ಬಸ್ಸಿನ ಕಂಡಕ್ಟರರ ಹತ್ತಿರ ಅದನ್ನು ಕಳಿಸಿಕೊಟ್ಟು ಫೋನು ಮಾಡಿದ್ದಳು. "ಅಕ್ಕ, ಬದಿ ಒಂಚೂರ್ ಬಿಡ್ಸಿ ಕೊಡಿ. ಬಟ್ಟಿ ಕುಗ್ಗಿತ್ ಕಾಂತ್."

"ಹೌದ್ ಮಾರಾಯ್ತಿ, ಬಟ್ಟಿಯೇ ಕುಗ್ಗಿದ್ದ್," ಅಂದೆ. ಅವಳೂ ನಕ್ಕಳು. ಆ ನಗು ನನ್ನ ಅರ್ಧ ಇಂಚಿನ ಸಂತೋಷವನ್ನು ಕಾಲು ಇಂಚಿಗೆ ಇಳಿಸಿತು. ಅವಳ ಹತ್ತಿರ ಯಾವಾಗಲೂ ಹೀಗೇ, ಗೆದ್ದೆ ಅನ್ನುವಷ್ಟರಲ್ಲಿ ಅವಳು ನಗುತ್ತಾಳೆ.

ಶೈಲ ನನ್ನ ಓರಗಿತ್ತಿ, ಮೈದುನನ ಹೆಂಡತಿ. ನಾನು ಉಪ್ಪುಂದದಿಂದ ತೊಂಬತ್ತೇಳರಲ್ಲಿ ಮದುವೆಯಾಗಿ ಕುಂದಾಪುರದ ಹತ್ತಿರದ ಈ ಕೋಡಿಯ ಮನೆಗೆ ಬಂದೆ. ಅವಳು ಮುಂಬೈಯಲ್ಲಿ ಹುಟ್ಟಿ ಬೆಳೆದು, ನಾನು ಬಂದ ಐದಾರು ವರ್ಷಕ್ಕೆ ಬಂದಳು. ಈಗ ಗಂಡನ ಕೆಲಸಕ್ಕೆಂದು ಬ್ರಹ್ಮಾವರದಲ್ಲಿದ್ದಾರೆ. ನಾನು ಐದು ವರ್ಷದಲ್ಲಿ ಅತ್ತೆಯಿಂದ ಒಂದು ನಗು ಸಂಪಾದಿಸಿದ್ದರೆ ಅವಳು ಒಂದೇ ವಾರದಲ್ಲಿ ಐದು ಸಂಪಾದಿಸಿದಳು. ಹಿಂದಿ ಬೆರೆತ ಅವಳ ಕನ್ನಡಕ್ಕೆ ಅತ್ತೆ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ಮೀನಿನ ತಲೆ ಅವಳ ಬಟ್ಟಲಿಗೆ. ನನಗೆ ಮೀನಿನ ತಲೆ ಇಷ್ಟವಿಲ್ಲ, ಆ ಮಾತು ಬೇರೆ.

ಅವಳಿಗೆ ಸಿಗದೆ ನನಗೆ ಮಾತ್ರ ಸಿಕ್ಕಿದ ಒಂದೇ ಒಂದು ಸಂಗತಿಯೆಂದರೆ ಹೊಳೆ. ಅತ್ತೆ ಮೀನು ಮಾರಿ ಬದುಕು ಕಟ್ಟಿದವರು. ಬಿಡುವಿದ್ದ ದಿನ ಮಳಿ ಹೆಕ್ಕಲು ಹೋಗುತ್ತಿದ್ದರು. ಹೊಸ ಸೊಸೆಯಾದ ನನ್ನನ್ನೂ ಕರೆದುಕೊಂಡು ಹೋಗಿ ಎದೆಮಟ್ಟದ ನೀರಲ್ಲಿ ನಿಲ್ಲಿಸಿದರು. ಕಾಲ ಬೆರಳಲ್ಲಿ ಕೆಸರು ತಡಕುವುದು, ಚಿಪ್ಪು ಸಿಕ್ಕಿದರೆ ಮುಳುಗಿ ತೆಗೆಯುವುದು. ಈಜು ಕಲಿತದ್ದು ಹಾಗೆ, ಮೈಮೇಲೆ ಸೀರೆ ಇದ್ದಂತೆಯೇ.

ಮಳಿ ಹೆಕ್ಕುವ ಹೆಂಗಸರಲ್ಲಿ ಒಂದು ಕಟ್ಟಳೆಯಿತ್ತು. ಮೊದಲು ನೀರಿಗಿಳಿದವಳು ಹಿಂದಿನವರಿಗೆ ನೀರು ಯಾವ ಕಡೆ ಎಳೆಯುತ್ತಿದೆ ಅಂತ ಕೂಗಿ ಹೇಳಬೇಕು. "ಹ್ವಾಯ್, ಇಳ್ತ! ಅಳಿವಿ ಬದಿಗ್ ಎಳಿತ್ತ್!" ಇಳ್ತವೆಂದರೆ ಇಳಿತ, ಹೊಳೆಯ ನೀರು ಅಳಿವೆಯಲ್ಲಿ ಕಡಲಿಗೆ ಹೋಗಿ ಸೇರುವ ಹೊತ್ತು. ಹೀಗೆ ಕೂಗುವುದಕ್ಕೆ ನೀರು ಕರೆಯುವುದು ಅನ್ನುತ್ತಿದ್ದರು. ಬೆಳಿಗ್ಗೆ ಬೇಲಿಯ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟವರಾದರೂ ನೀರು ಕರೆಯದೆ ಇರುವಂತಿಲ್ಲ. ಅತ್ತೆ ನನಗೆ ಹೇಳಿಕೊಟ್ಟದ್ದು ಇಷ್ಟೇ: "ಇಳ್ತದಲ್ಲ್ ಸೀದ ಹ್ವಾದ್ರೆ ಸೀದ ಮುಟ್ಟುದಿಲ್ಲ ಹೆಣೆ. ಮೇಲ್ ಬದಿಗ್ ಹೋಯ್ಕ್. ಆಗ ಸೀದ ಮುಟ್ಟುದ್." ಅಂದರೆ ನೀರು ಬರುವ ಮೇಲ್ಬದಿಗೆ ಮುಖ ಮಾಡಿ ಹೋಗಬೇಕು.

ಏಳು ವರ್ಷದ ಹಿಂದೆ ನಮ್ಮ ಊರಿನ ಹುಡುಗರ ಸಂಘವೊಂದು ಒಂದು ಸ್ಪರ್ಧೆ ಇಟ್ಟಿತು. ಟ್ರಯಥ್ಲಾನ್ ಅಂತ ಹೆಸರು, ಅದರಲ್ಲೂ ಸ್ಪ್ರಿಂಟ್ ಅನ್ನುವ ಚಿಕ್ಕದು. ಚಿಕ್ಕದೆಂದರೆ ಮುಕ್ಕಾಲು ಕಿಲೋಮೀಟರು ಈಜು, ಇಪ್ಪತ್ತು ಕಿಲೋಮೀಟರು ಸೈಕಲ್ಲು, ಐದು ಕಿಲೋಮೀಟರು ಓಟ, ಮೂರೂ ಒಂದರ ಹಿಂದೆ ಒಂದು. ಕಡಲು ಬೇಡವೆಂದು ಈಜನ್ನು ಹೊಳೆಯಲ್ಲಿಟ್ಟಿದ್ದರು. ಶೈಲ ಹೆಸರು ಕೊಟ್ಟಳು. ಮುಂಬೈಯಿಂದ ಎಳೆದರೆ ಹಿಗ್ಗುವ ಕಪ್ಪು ಬಟ್ಟೆ ತರಿಸಿ, "ಅಕ್ಕ, ಅಂಗ್ಡಿದ್ ಹಾಕ್ಕಂಡ್ರೆ ಅತ್ತಿ ಮನಿ ಒಳ್ಗ್ ಸೇರ್ಸುದಿಲ್ಲ. ಕೈ ಕಾಲ್ ಮುಚ್ಚುವಂಗ್ ಹೊಲ್ದ್ ಕೊಡಿ," ಅಂದಳು. ಹೊಲಿದು ಕೊಟ್ಟೆ. ಉಳಿದ ತುಂಡುಗಳಿಗೆ ಹಳೆಯ ನೀಲಿ ಬಟ್ಟೆ ಜೋಡಿಸಿ ನನಗೂ ಒಂದು ಹೊಲಿದುಕೊಂಡು, ಯಾರಿಗೂ ಹೇಳದೆ ಹೋಗಿ ನಾನೂ ಹೆಸರು ಕೊಟ್ಟೆ. ದಿನಾ ತಲ್ಲೂರಿನ ಹೊಲಿಗೆ ಅಂಗಡಿಗೆ ಸೈಕಲ್ಲು ತುಳಿಯುವವಳು, ಹೊಳೆಯಲ್ಲಿ ಈಜುವವಳು, ಬಸ್ಸು ತಪ್ಪಿದರೆ ಓಡುವವಳು. ಇನ್ನೇನು ಬೇಕು? ನಿಜ ಹೇಳಬೇಕೆಂದರೆ ಬೇಕಾಗಿದ್ದದ್ದು ಒಂದೇ, ಅತ್ತೆ ದಡದಲ್ಲಿ ನಿಂತು ನೋಡುವಾಗ ನಾನು ಶೈಲಳಿಗಿಂತ ಮುಂದೆ ಇರುವುದು.

ಹೆಂಗಸರು ಆರೇ ಜನ. ಅತ್ತೆ ಕೊಡೆ ಹಿಡಿದು ನಿಂತಿದ್ದರು. ಸೀಟಿ ಊದಿದ ಕೂಡಲೇ ಕೆಸರಿನಲ್ಲಿ ಮೊದಲು ಓಡಿದವಳು ನಾನು. ಉಳಿದವರು ಕಾಲಿಗೆ ಚಿಪ್ಪು ತಾಗುತ್ತದೆಂದು ನೋಡಿ ನೋಡಿ ಹೆಜ್ಜೆ ಇಡುತ್ತಿದ್ದರು. ಮೊಣಕಾಲು ಮುಳುಗುತ್ತಲೇ ಗೊತ್ತಾಯಿತು. ಇಳಿತ, ಅದೂ ಜೋರು. ತಿರುಗಿ ನೋಡಿದೆ. ಹತ್ತು ಮಾರು ಹಿಂದೆ ಶೈಲ ಈಜುವ ಕನ್ನಡಕ ಸರಿಮಾಡಿಕೊಳ್ಳುತ್ತಾ ನನ್ನನ್ನು ನೋಡಿ ಕೈ ಬೀಸಿದಳು. ಬಾಯಿ ತೆರೆದೆ. ಹಾಗೇ ಮುಚ್ಚಿಕೊಂಡು ನೀರಿಗೆ ಬಿದ್ದೆ.

ಹೊಳೆಯ ಆಚೆ ಬದಿಗೆ ಕೆಂಪು ಬಾವುಟದ ದೋಣಿ ನಿಲ್ಲಿಸಿದ್ದರು, ಅದನ್ನು ಸುತ್ತಿ ಬರಬೇಕು. ನಾನು ದೋಣಿಯನ್ನು ಬಿಟ್ಟು ಮೇಲ್ಬದಿಯ ತೆಂಗಿನ ಮರಕ್ಕೆ ಮುಖ ಮಾಡಿ ಈಜಿದೆ. ದಡದ ಹುಡುಗರು "ಅಕ್ಕ, ದಾರಿ ತಪ್ಪಿತ್ತ್!" ಎಂದು ಬೊಬ್ಬೆ ಹೊಡೆದರು. ನೀರು ನನ್ನನ್ನು ತಂದು ಸರಿಯಾಗಿ ದೋಣಿಯ ಹತ್ತಿರ ಬಿಟ್ಟಿತು. ಶೈಲ ಕಲಿತವಳ ಹಾಗೆ ಚಂದವಾಗಿ ಕೈ ಹಾಕುತ್ತಾ ಬಾವುಟಕ್ಕೇ ಕಣ್ಣಿಟ್ಟು ಹೊರಟು, ಅಳಿವೆಯ ಕಡೆಗೆ ಜಾರಿ ಜಾರಿ ಹೋಗಿ, ಮತ್ತೆ ನೀರಿಗೆದುರಾಗಿ ಈಜಬೇಕಾಯಿತು. ಅಪಾಯವೇನಿರಲಿಲ್ಲ, ಕಾವಲಿಗೆ ದೋಣಿಗಳಿದ್ದವು. ಆದರೆ ನಾನು ದಡ ಹತ್ತಿದಾಗ ಅವಳಿನ್ನೂ ನಡುಹೊಳೆಯಲ್ಲಿದ್ದಳು. ಜೀವಮಾನದಲ್ಲಿ ನಾನು ಮೊದಲು ಬಂದದ್ದು ಅದೊಂದೇ ಸಲ. ಅತ್ತೆಯನ್ನು ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಕೊಡೆ ಓರೆ ಮಾಡಿ ನೀರನ್ನು ನೋಡುತ್ತಿದ್ದರು.

ಸೈಕಲ್ಲಿನದು ಕೇಳಿ. ಬುಟ್ಟಿಯಿರುವ ನನ್ನ ಲೇಡೀಸ್ ಸೈಕಲ್ಲು, ಬುಟ್ಟಿಯಲ್ಲಿ ಅಳತೆ ಟೇಪು ಹಾಗೇ ಉಳಿದಿತ್ತು. ತಲ್ಲೂರಿನ ಸೇತುವೆಯ ಹತ್ತಿರ ಶೈಲಳ ಗೇರು ಸೈಕಲ್ಲು ಗಾಳಿಯ ಹಾಗೆ ಪಕ್ಕಕ್ಕೆ ಬಂತು. "ಅಕ್ಕಾ, ಹಿಂದಿನ್ ಚಕ್ರದ್ ಗಾಳಿ ಹೋತಾ ಇತ್ತ್! ನಿಲ್ಸಿ ಹೊಡ್ಸ್ಕಣಿ!" ಎಂದು ಕೂಗಿ ಮುಂದೆ ಹೋದಳು.

ತಾ ಕಳ್ಳ ಪರರ ನಂಬ. ನನ್ನನ್ನು ನಿಲ್ಲಿಸುವ ಉಪಾಯವಿದು ಅಂದುಕೊಂಡು ತಿರುಗಿಯೂ ನೋಡದೆ ಇನ್ನೂ ಜೋರಾಗಿ ತುಳಿದೆ. ಸೇತುವೆ ದಾಟುವಷ್ಟರಲ್ಲಿ ರಿಮ್ಮು ರಸ್ತೆಗೆ ಬಡಿಯತೊಡಗಿತು. ಇಳಿದು ದೂಡಿಕೊಂಡು ನನ್ನದೇ ಅಂಗಡಿಯ ಪಕ್ಕದ ಸೈಕಲ್ ಶಾಪಿಗೆ ಹೋದೆ. ಶಾಪಿನವರು ನನ್ನ ಒದ್ದೆ ಬಟ್ಟೆಯನ್ನೂ ಎದೆಯ ಮೇಲಿನ ನಂಬರನ್ನೂ ನೋಡಿ, "ಎಂತ ಟೈಲರಕ್ಕ, ಭಾನ್ವಾರವೂ ಅಂಗ್ಡಿ ಇತ್ತಾ?" ಅಂದರು. ಕುಂದಾಪುರಕ್ಕೆ ಹೋಗುವ ಬಸ್ಸೊಂದು ನಿಧಾನ ಮಾಡಿ, ಒಳಗಿದ್ದವರೆಲ್ಲ ಬಾಗಿ ನೋಡಿದರು. ಆಮೇಲಿನ ಓಟದ ಬಗ್ಗೆ ಹೇಳುವುದಕ್ಕೇನಿಲ್ಲ. ಹೊಯಿಗೆಯಲ್ಲಿ ನಾನು ಓಡಿದೆನೋ ನಡೆದೆನೋ ನನಗೇ ಗೊತ್ತಿಲ್ಲ. ಆರು ಜನರಲ್ಲಿ ಆರನೆಯವಳಾಗಿ ಬಂದೆ.

ಶೈಲ ಮೊದಲನೆಯವಳು. ಮೈಕು ಕೈಗೆ ಕೊಟ್ಟಾಗ ತನ್ನ ಬಗ್ಗೆ ಏನೂ ಹೇಳಲಿಲ್ಲ. "ನೀರಲ್ಲ್ ನಮ್ಮಕ್ಕನೇ ಫಸ್ಟ್! ಈ ಡ್ರೆಸ್ಸ್ ಹೊಲ್ದದ್ದೂ ಅವ್ರೇ!" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಒಂದು ಸಣ್ಣತನ ತೋರಿಸಿದ್ದರೆ ಎಷ್ಟು ಉಪಕಾರವಾಗುತ್ತಿತ್ತು! ಹೊಟ್ಟೆಕಿಚ್ಚು ಪಡುವವರಿಗೆ ಎದುರಿನವರ ಒಳ್ಳೆಯತನದಷ್ಟು ದೊಡ್ಡ ಶಿಕ್ಷೆ ಇನ್ನೊಂದಿಲ್ಲ ನೋಡಿ.

ಮನೆಗೆ ಬಂದು ನಾನು ಮಸಾಲೆ ಅರೆಯುತ್ತಿದ್ದಾಗ ಅತ್ತೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು.

"ನೀರ್ ಕರ್ದ್ಯಾ?"

"ಕರ್ದೆ," ಅಂದೆ, ತಲೆಯೆತ್ತದೆ.

"ದಡಕ್ಕ್ ಕೇಣ್ಲಿಲ್ಲ."

ಅಷ್ಟೇ. ಬೈಯಲಿಲ್ಲ, ಶೈಲಳಿಗೂ ಹೇಳಲಿಲ್ಲ. ನೀರು ಕರೆದರೆ ಆಚೆ ದಡಕ್ಕೂ ಕೇಳುತ್ತದೆ ಅನ್ನುವುದು ನನಗೂ ಗೊತ್ತು, ಅವರಿಗೂ ಗೊತ್ತು. ಆಮೇಲೆ ಅತ್ತೆ ಮೊದಲಿನ ಹಾಗೆಯೇ ಮಳಿ ಹೆಕ್ಕಲು ಕರೆದುಕೊಂಡು ಹೋಗುತ್ತಿದ್ದರು. ಆದರೆ ನನ್ನನ್ನು ಹಿಂದೆ ಬಿಟ್ಟು ಯಾವಾಗಲೂ ತಾವೇ ಮೊದಲು ಇಳಿಯುತ್ತಿದ್ದರು. ಮಂಡಿನೋವು ಬಂದ ಮೇಲೂ. ಅವರು ತೀರಿಹೋಗಿ ಈಗ ಮೂರು ವರ್ಷ.

ಈ ಸಲ ಮತ್ತೆ ಸ್ಪರ್ಧೆ ಇಟ್ಟಿದ್ದಾರೆ, ನಾಳೆ ಬೆಳಿಗ್ಗೆ, ಅದೇ ಹೊಳೆಯಲ್ಲಿ. ನಮ್ಮ ಮನೆಯಿಂದ ಹೆಸರು ಕೊಟ್ಟದ್ದು ಶೈಲ ಮಾತ್ರ. ಶೈಲ ಸಂಜೆಯೇ ಬಂದಳು. ಉಡುಗೆ ಹಾಕಿ ನೋಡಿ, "ಈಗ ಉಸ್ರ್ ಆಡ್ತ್ ಅಕ್ಕ," ಅಂದಳು. ಊಟಕ್ಕೆ ಕುಳಿತೆವು. ಬಡಿಸುತ್ತಾ, ಅವಳ ಮುಖ ನೋಡದೆ ಹೇಳಿದೆ: "ಶೈಲ, ನಾಳಿ ಏಳ್ ಗಂಟಿಗೆ ಇಳ್ತ. ಬಾವುಟ ಕಂಡ್ಕಂಡ್ ಸೀದ ಹೋಯ್ಬೇಡ. ಮೇಲ್ ಬದಿಗ್ ಹೋಯ್ಕ್."

"ಹೌದಾ?"

"ಅವತ್ತೂ ಇಳ್ತವೇ. ನಂಗ್ ಗೊತ್ತಿದ್ದಿತ್. ನಿಂಗ್ ನೀರ್ ಕರೀಕಿದ್ದಿತ್, ಕರೀಲಿಲ್ಲ."

ಅವಳ ಕೈ ಬಟ್ಟಲಲ್ಲೇ ನಿಂತಿತು. "ಅಂದ್ರೆ, ನೀವ್ ನನ್ಕಿಂತ ಜೋರ್ ಈಜೂದಲ್ದಾ?"

"ಅಲ್ಲ."

"ಥೋ ಅಕ್ಕ! ಏಳ್ ವರ್ಷ! ವಾರಕ್ಕ್ ಎರಡ್ ಸಲ ಬ್ರಹ್ಮಾವರದಿಂದ ಬಸ್ಸ್ ಹಿಡ್ದ್ ಈಜುಕೊಳಕ್ಕೆ ಹೋತಾ ಇದ್ದೆ, ನಿಮ್ಮನ್ ಒಂದ್ ಸಲ ನೀರಲ್ಲ್ ಹಿಂದ್ ಹಾಕ್ಕ್ ಅಂದೇಳಿ! ಹೊಟ್ಟಿಕಿಚ್ಚಂದ್ರೆ ಹೊಟ್ಟಿಕಿಚ್ಚ್!"

ಏಳು ವರ್ಷ ಶೈಲ ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಳು, ನನಗೇ ಗೊತ್ತಿರಲಿಲ್ಲ. ಗೊತ್ತಾದ ಕ್ಷಣಕ್ಕೆ ಅದೂ ಮುಗಿದುಹೋಯಿತು, ಮುಗಿಸಿದವಳು ನಾನೇ. ಮೊದಲೇ ಗೊತ್ತಿದ್ದರೆ ಬಾಯಿ ಬಿಡುತ್ತಿದ್ದೆನೇ? ಆಣೆ ಹಾಕಿ ಹೇಳಲಾರೆ.

ಅವಳು ಈ ಸಲ ನಗಲಿಲ್ಲ. ಬಟ್ಟಲನ್ನು ಮುಂದಕ್ಕೆ ದೂಡಿ, "ಇನ್ನೊಂದ್ ಸೌಟ್ ಹಾಕಿ," ಅಂದಳು. "ನಾಳಿ ನೀವ್ ದಡದಲ್ಲ್ ನಿಂತ್ ಜೋರ್ ಕರೀಕ್."

"ಕರದ್ರೆ ಎಲ್ಲರಿಗೂ ಕೇಣತ್ತ್ ಮಾರಾಯ್ತಿ. ನಿಂಗ್ ಎಂತ ಲಾಭ?"

"ಕೇಣ್ಲಿ," ಅಂದಳು.

ರಾತ್ರಿ ಉಂಡದ್ದು ಕುಚ್ಚಲಕ್ಕಿ ಅನ್ನ, ಮಳಿ ಸುಕ್ಕ, ಬಂಗುಡೆ ಸಾರು. ಬಂಗುಡೆಯ ತಲೆಯನ್ನು ನಾನೇ ಶೈಲಳ ಬಟ್ಟಲಿಗೆ ಹಾಕಿದೆ. ಮೊದಲು ನಿದ್ದೆ ಹೋದವಳು ಅವಳು, ಅತ್ತೆ ಮಲಗುತ್ತಿದ್ದ ಜಾಗದಲ್ಲಿ, ದಿಂಬಿಗೆ ತಲೆಯಿಟ್ಟ ಕೂಡಲೇ. ನಾಳೆ ಸ್ಪರ್ಧೆ ಇಟ್ಟುಕೊಂಡು ಹಾಗೆ ನಿದ್ದೆ ಬರುವುದಾದರೂ ಹೇಗೆ? ಅದಕ್ಕೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.