ಅಂಜೆಲೂಸ್ ಮತ್ತು ಅಪ್ಪನ ಮಧ್ಯಾಹ್ನ

ಲ್ಯಾಟಿನ್ ಭಾಷೆಯಲ್ಲಿ ನನಗೆ ಬರುವುದು ಒಂದೇ ಒಂದು ಪದ. ಅದನ್ನು ಕಲಿತದ್ದು ಟೊಮೇಟೊ ಪಾತಿಯಲ್ಲಿ. ಪದ ‘ಅಂಜೆಲೂಸ್’. ಕ್ರೈಸ್ತರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಚರ್ಚಿನ ಗಂಟೆ ಕೇಳಿದಾಗ ಹೇಳಿಕೊಳ್ಳುವ ಪ್ರಾರ್ಥನೆಗೆ ಆ ಹೆಸರು. ಇಷ್ಟು ಗೊತ್ತಿರುವುದಕ್ಕೇ ನನ್ನ ಹೆಂಡತಿಯ ತವರಿನವರು ನನ್ನನ್ನು ಪಂಡಿತನೆಂದು ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಅಂಜೆಲೂಸ್ ಎಂದರೆ ದೇವದೂತ. ‘ದೇವರ ದೂತನು ಮರಿಯಳಿಗೆ ತಿಳಿಸಿದನು’ ಎಂಬ ಮೊದಲ ಸಾಲು ಲ್ಯಾಟಿನ್‌ನಲ್ಲಿ ಈ ಪದದಿಂದ ಶುರುವಾಗುತ್ತದೆ. ಪ್ರಾರ್ಥನೆಗೆ ಹೆಸರು ಬಂದದ್ದು ಹೀಗೆ. ಅವರಲ್ಲಿ ಎಷ್ಟೋ ಪ್ರಾರ್ಥನೆಗಳಿಗೆ ಬಾಯಿಗೆ ಮೊದಲು ಬಂದ ಪದವೇ ಹೆಸರಂತೆ. ಈ ಪದ್ಧತಿ ನನಗೆ ಬಹಳ ಹಿಡಿಸಿದೆ. ಮನುಷ್ಯರಿಗೂ ದಿನದ ಮೊದಲ ಮಾತಿನಿಂದ ಹೆಸರಿಟ್ಟಿದ್ದರೆ ನಮ್ಮಪ್ಪ ‘ಕಾಫಿ’ ಆಗುತ್ತಿದ್ದ, ಚಿಕ್ಕಪ್ಪ ‘ಮೋಟಾರು’ ಆಗುತ್ತಿದ್ದ. ಇನ್ನು ಆ ಮೂರು ಹೊತ್ತಿನ ಗಂಟೆಗಳೂ ಒಟ್ಟಿಗೆ ಹುಟ್ಟಿದವಲ್ಲ. ಮೊದಲು ಬಂದದ್ದು ಸಂಜೆಯದು, ಆಮೇಲೆ ಬೆಳಗಿನದು. ಮಧ್ಯಾಹ್ನದ್ದು ಎಲ್ಲಕ್ಕಿಂತ ತಡವಾಗಿ ಸೇರಿತು. ನಮ್ಮ ಮನೆಯಲ್ಲಿ ಜಗಳ ತಂದಿಟ್ಟದ್ದು ಈ ಕೊನೆಯದು.

ಅರವತ್ತರ ದಶಕದ ಮಾತು. ಜಡಿಗೇನಹಳ್ಳಿ ಕಡೆ ನಮ್ಮ ಜಮೀನು, ಅಲ್ಲೇ ಮನೆ. ಅಪ್ಪನಿಗೂ ಚಿಕ್ಕಪ್ಪ ಮುನಿಯಪ್ಪನಿಗೂ ಹೊಲ ಪಾಲಾಗಿತ್ತು, ಬಾವಿ, ಅದರ ಮೋಟಾರು ಮಾತ್ರ ಒಂದೇ. ಮಧ್ಯಾಹ್ನದವರೆಗೆ ನೀರು ಅಪ್ಪನಿಗೆ, ಆಮೇಲೆ ಚಿಕ್ಕಪ್ಪನಿಗೆ. ಆದರೆ ಮಧ್ಯಾಹ್ನ ಎಂದರೆ ಯಾವಾಗ? ಅಪ್ಪನ ಗಡಿಯಾರ ಸದಾ ಹಿಂದೆ, ಚಿಕ್ಕಪ್ಪನದು ಸದಾ ಮುಂದೆ. ಕೊನೆಗೆ ಆ ವರ್ಷದ ಸಂಕ್ರಾಂತಿಯಲ್ಲಿ ಊರ ಹಿರಿಯರು ತೀರ್ಮಾನ ಕೊಟ್ಟರು: ಪಕ್ಕದೂರಿನ ಚರ್ಚಿನಲ್ಲಿ ಮಧ್ಯಾಹ್ನದ ಗಂಟೆ ಹೊಡೆದಾಗ ನೀರು ಕೈ ಬದಲಾಗಬೇಕು. ದೇವರ ಗಂಟೆ ಯಾರ ಪಾಲಿಗೂ ಸೇರಿದ್ದಲ್ಲವೆಂದು ಇಬ್ಬರೂ ಒಪ್ಪಿದರು. ಅಮ್ಮನೂ ಅದೇ ಗಂಟೆಗೆ ಮುದ್ದೆ ಇಕ್ಕತೊಡಗಿದಳು.

ಕೆಲವು ವಾರ ಸುಖವಾಗಿ ಕಳೆಯಿತು. ಬೇಸಿಗೆ ಬಂತು. ಚಿಕ್ಕಪ್ಪ ಆಗತಾನೇ ಎಲೆಕೋಸಿನ ಸಸಿ ನಾಟಿ ಮಾಡಿದ್ದ. ಒಂದು ಶುಕ್ರವಾರ ಗಂಟೆ ಹೊಡೆಯಲೇ ಇಲ್ಲ. ಬಿಸಿಲು ನೆತ್ತಿಗೆ ಬಂತು, ನೆತ್ತಿ ದಾಟಿತು, ಎಳೆಯ ಸಸಿಗಳು ಜೋತುಬಿದ್ದವು. ಅಪ್ಪ ತನ್ನ ಟೊಮೇಟೊಗೆ ನೀರು ಹಾಯಿಸುತ್ತಲೇ ಇದ್ದ.

ಚಿಕ್ಕಪ್ಪ ಸೈಕಲ್ ಹತ್ತಿ ಚರ್ಚಿಗೆ ಹೋದ. ಅಲ್ಲಿನ ಪಾದ್ರಿಗಳಿಗೆ ಪಾಪ, ಗಂಟೆಯ ಬಗ್ಗೆ ಇಷ್ಟು ಕಳಕಳಿಯಿಂದ ವಿಚಾರಿಸಿದ ಹಿಂದೂ ರೈತ ಅವನೊಬ್ಬನೇ ಇರಬೇಕು. ಸಂತೋಷದಿಂದ ಅಂಜೆಲೂಸಿನ ಪುರಾಣವನ್ನೆಲ್ಲ ಹೇಳಿದರು. ಇಂದು ಯೇಸು ಶಿಲುಬೆಗೇರಿದ ದಿನ, ದುಃಖದಲ್ಲಿ ಗಂಟೆ ಮುಟ್ಟುವುದಿಲ್ಲ, ಇನ್ನು ನಾಳೆ ರಾತ್ರಿಯ ಪೂಜೆಗೇ ಹೊಡೆಯುವುದು ಎಂದೂ ತಿಳಿಸಿದರು. ಚಿಕ್ಕಪ್ಪ ಬಂದು ಅಷ್ಟನ್ನೂ, ಲ್ಯಾಟಿನ್ ಸಮೇತ, ಅಪ್ಪನಿಗೆ ಒಪ್ಪಿಸಿದ. ಪಕ್ಕದಲ್ಲೇ ಇದ್ದ ನಾನೂ ಕೇಳಿಸಿಕೊಂಡೆ.

ಅಪ್ಪ ಗುದ್ದಲಿ ಊರಿಕೊಂಡು ಪೂರ್ತಿ ಕೇಳಿದ. “ಹಂಗಾದ್ರೆ ನಾಳೆ ರಾತ್ರಿವರ್ಗೂ ಮಧ್ಯಾಹ್ನ ಆಗಲ್ಲ ಕಣೋ,” ಎಂದ. “ಹಿರೀಕರ ಮಾತು ಮೀರಕ್ಕಾಯ್ತದಾ?”

ಚಿಕ್ಕಪ್ಪನ ಕಣ್ಣಲ್ಲಿ ನೀರು ಬಂತು. ಸಸಿಗಳಿಗೆ ಅದು ಸಾಲುವಂತಿರಲಿಲ್ಲ. ನನಗೆ ಅಪ್ಪನ ಮೇಲೆ ಕೋಪವೇನೋ ಬಂತು, ಆದರೆ ಅವನ ವಾದಕ್ಕೆ ಎದುರು ಹೇಳಲು ಏನೂ ಹೊಳೆಯಲಿಲ್ಲ.

ನನ್ನಿಂದ ಸುದ್ದಿ ಕೇಳಿದ ಅಮ್ಮನಿಗೆ ಹೊಳೆಯಿತು. ಅಪ್ಪ ಕೈಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂತ. ಒಲೆಯ ಪಕ್ಕದಲ್ಲಿ ಮುದ್ದೆ ಇತ್ತು, ಹುರುಳಿಕಾಳಿನ ಬಸ್ಸಾರು ಘಮ್ಮೆನ್ನುತ್ತಿತ್ತು. ಅಮ್ಮ ಮಾತ್ರ ಕೂತಲ್ಲಿಂದ ಏಳಲಿಲ್ಲ.

“ಇನ್ನೂ ಮಧ್ಯಾಹ್ನ ಆಗಿಲ್ವಲ್ಲ. ಗಂಟೆ ಹೊಡೀಲಿ, ಇಕ್ತೀನಿ,” ಎಂದಳು.

ಅಪ್ಪ ಮುದ್ದೆಯ ಕಡೆ ನೋಡಿದ. ಆಮೇಲೆ ಎದ್ದು ಹೋಗಿ ಬದುವಿನ ಮೇಲೆ ನಿಂತು ಕೂಗಿದ: “ಲೋ ಮುನಿಯಾ, ಹನ್ನೆರಡಾಯ್ತು. ನೀರ್ ತಿರುಗಿಸ್ಕೊ.” ಆಗ ಎರಡು ದಾಟಿತ್ತು.

ಸಂಜೆಗೆ ಸಸಿಗಳು ಚೇತರಿಸಿಕೊಂಡವು. ಹೊತ್ತು ಗೊತ್ತು ಮಾಡುವುದರಲ್ಲಿ ಗಡಿಯಾರ, ಗಂಟೆಗಳಿಗಿಂತ ಹೊಟ್ಟೆಯೇ ವಾಸಿ ಎಂದು ನಾನು ಅವತ್ತಿನಿಂದ ನಂಬಿದ್ದೇನೆ. ಮರುದಿನ ಶನಿವಾರವೂ ಗಂಟೆ ಇರಲಿಲ್ಲ. ಅಪ್ಪ ಒಮ್ಮೆ ಅಡುಗೆಮನೆಯ ಹೊಗೆ ನೋಡಿದ, ಒಮ್ಮೆ ಅಮ್ಮನ ಮುಖ ನೋಡಿದ, ಹನ್ನೊಂದಕ್ಕೇ ಬದು ಹತ್ತಿ ಹನ್ನೆರಡಾಯಿತೆಂದು ಕೂಗಿಬಿಟ್ಟ. ಚಿಕ್ಕಪ್ಪ ತನ್ನ ಗಡಿಯಾರವನ್ನು ತಿರುಗಿಯೂ ನೋಡಲಿಲ್ಲ.